ಮಿನಿ ಪಿಸಿ ಕೊಳ್ತೀರಾ? ಮೊದಲು ತಿರುಗಿಸಿ ತಳ ನೋಡಿ

ದಾವಣಗೆರೆಯ ಮಂಡಿಪೇಟೆಯಲ್ಲಿರುವ ನಮ್ಮ ಅಂಗಡಿಯ ಗಲ್ಲಾ ಪಕ್ಕ ಈಗ ಟಿಫನ್ ಡಬ್ಬಿಯಷ್ಟೇ ಇರುವ ಕಂಪ್ಯೂಟರ್ ಕೂತಿದೆ. ಜಿಎಸ್‌ಟಿ ಬಿಲ್, ಖಾತೆ ಲೆಕ್ಕ, ಬ್ಯಾಂಕ್ ಕೆಲಸ ಎಲ್ಲಾ ಅದರಲ್ಲೇ. ಆದರೆ ಇದು ನಾವು ಕೊಂಡ ಎರಡನೇ ಡಬ್ಬಿ. ಮೊದಲನೆಯದರಲ್ಲಿ ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ 4 ಜಿಬಿ ರ್‍ಯಾಮ್ ಇತ್ತು. ಸಾಲದಿದ್ದರೆ ಆಮೇಲೆ ಜಾಸ್ತಿ ಹಾಕಿಸಿದರಾಯ್ತು ಅಂದುಕೊಂಡಿದ್ದೆ. ತಳ ಬಿಚ್ಚಿದರೆ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿತ್ತು! ಬಿಲ್ ಬರುವವರೆಗೆ ಗಿರಾಕಿ ನಿಂತೇ ಇರಬೇಕು. ಅಪ್ಪಾಜಿ ಬೇಸತ್ತು ಮತ್ತೆ ರಸೀದಿ ಪುಸ್ತಕ ಹಿಡಿದರು. ನಿಮಗೆ ಹೀಗಾಗಬಾರದು.

ಅಂಗಡಿಯಲ್ಲಿ ಕೇಳಬೇಕಾದ್ದು

ಡಬ್ಬಿ ಚಿಕ್ಕದಾದರೂ ಇದು ಪೂರ್ತಿ ಕಂಪ್ಯೂಟರ್. ಒಳಗಿರುವುದು ಹೆಚ್ಚಾಗಿ ಲ್ಯಾಪ್‌ಟಾಪಿನ ಸಾಮಾನು. ಹಾಗಾಗಿ ಮೊದಲು ಕೇಳಿ: ರ್‍ಯಾಮ್, ಎಸ್‌ಎಸ್‌ಡಿ (ಫೈಲ್‌ಗಳು ಉಳಿಯುವ ಜಾಗ) ಎರಡನ್ನೂ ಬದಲಾಯಿಸಬಹುದಾ? ಉತ್ತರ ತಡವರಿಸಿದರೆ ಬೇರೆ ನೋಡಿ. ಬಿಲ್ಲಿಂಗ್‌ಗೆ 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಸಾಕು. ಇಂಟೆಲ್ ಎನ್100 ಪ್ರೊಸೆಸರ್ 4 ಕೋರ್‌ನದು, ಕರೆಂಟ್ ಕಡಿಮೆ ಸಾಕು. ಅಂಗಡಿ ಲೆಕ್ಕಕ್ಕೆ ಅದೂ ನಡೆಯುತ್ತೆ. ವಿಡಿಯೋ ಎಡಿಟಿಂಗ್‌ಗೆ ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪ್ರೊಸೆಸರ್ ನಂಬರ್ ಓದಲೇಬೇಕು. ಐ5-8500ಟಿ ಅಂದರೆ 8ನೇ ತಲೆಮಾರು. ಐ5-6500ಟಿ ಅಂದರೆ 6ನೆಯದು, ಅದು ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ (ಸುರಕ್ಷತಾ ಅಪ್‌ಡೇಟ್ ಸೇರಿ) 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್‌ಗೆ ಇದು ಸಣ್ಣ ಮಾತಲ್ಲ.

ಆಮೇಲೆ ಹಿಂಭಾಗ ನೋಡಿ. ಕೀಬೋರ್ಡ್, ಮೌಸ್, ಪ್ರಿಂಟರ್, ಸ್ಕ್ಯಾನರ್ ಅಂತ ನಾಲ್ಕು ಯುಎಸ್‌ಬಿ ಇಲ್ಲೇ ಮುಗಿಯಿತು. ಪೆನ್‌ಡ್ರೈವ್‌ಗೆ ಇನ್ನೊಂದು ಬೇಕಲ್ವಾ? ಹಳೆಯ ಮಾನಿಟರ್‌ಗೆ ವಿಜಿಎ ಕೇಬಲ್ ಇದ್ದು, ಡಬ್ಬಿಯಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ, ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ತರಬೇಕು.

ರ್‍ಯಾಮ್, ಎಸ್‌ಎಸ್‌ಡಿ ಹಾಕುವುದು

ಅಡಾಪ್ಟರ್ ಕಿತ್ತಿಡಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತೆ. ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ. ತಳದ ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿ. ಮುಚ್ಚಳವನ್ನು ಜಗ್ಗಬೇಡಿ, ಕೆಲವದರಲ್ಲಿ ಅದಕ್ಕೆ ಸಣ್ಣ ಕೇಬಲ್ ಅಂಟಿಕೊಂಡಿರುತ್ತೆ.

ರ್‍ಯಾಮ್‌ನ ಅಂಚಿನಲ್ಲಿ ಒಂದು ಕಚ್ಚು ಇದೆ. ಸ್ಲಾಟಿನ ಉಬ್ಬಿಗೆ ಅದು ಸರಿಯಾಗಿ ಕೂರಬೇಕು. ಡಿಡಿಆರ್4, ಡಿಡಿಆರ್5 ಕಚ್ಚುಗಳ ಜಾಗ ಬೇರೆ, ಒಂದರಲ್ಲಿ ಇನ್ನೊಂದು ಹೋಗುವುದಿಲ್ಲ. ಪಟ್ಟಿಯನ್ನು ಓರೆಯಾಗಿ ಹಿಡಿದು ಬಂಗಾರದ ಬಣ್ಣದ ಗೆರೆಗಳು ಮರೆಯಾಗುವಷ್ಟು ಒಳಗೆ ತಳ್ಳಿ, ನಿಧಾನಕ್ಕೆ ಕೆಳಗೆ ಒತ್ತಿ. ಎರಡೂ ಬದಿಯ ಕೊಕ್ಕೆ ‘ಟಿಕ್’ ಅನ್ನಬೇಕು.

ಎಂ.2 ಎಸ್‌ಎಸ್‌ಡಿ ಚ್ಯೂಯಿಂಗ್ ಗಮ್ ಪಟ್ಟಿಯಂತಿರುತ್ತೆ. ಅದರ ಅಳತೆ 2280 ಅಂತ ಬರೆದಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಎನ್‌ವಿಎಂಇ, ಸಾಟಾ ಎಂಬ ಎರಡು ಬಗೆಯ ಎಸ್‌ಎಸ್‌ಡಿಯೂ ಇದೇ ಅಳತೆಯಲ್ಲಿ ಬರುತ್ತವೆ. ನಿಮ್ಮ ಡಬ್ಬಿಗೆ ಯಾವುದು ಅಂತ ಕೈಪಿಡಿ ನೋಡಿಯೇ ತನ್ನಿ. ಓರೆಯಾಗಿ ತೂರಿಸಿ, ತುದಿಗೆ ಸ್ಕ್ರೂ ಹಾಕಿ. ಬಿಗಿ ಸಾಕು, ಜೋರು ಬೇಡ.

ಎಲ್ಲಿ ಇಡಬೇಕು?

ಏಪ್ರಿಲ್ ಬಿಸಿಲಿಗೆ ನಮ್ಮೂರಿನ ತಗಡಿನ ಮಳಿಗೆ ಕಾದ ಹಂಚೇ. ಡ್ರಾಯರ್ ಒಳಗೆ ಮಾತ್ರ ಇಡಬೇಡಿ. ಬಿಸಿ ಹೋಗಲು ದಾರಿ ಸಿಗದಿದ್ದರೆ ಪ್ರೊಸೆಸರ್ ತಾನಾಗೇ ವೇಗ ಇಳಿಸಿಕೊಳ್ಳುತ್ತೆ. ಮಾನಿಟರ್ ಬೆನ್ನಿನಲ್ಲಿ 75 ಅಥವಾ 100 ಮಿ.ಮೀ. ಅಂತರದ ನಾಲ್ಕು ತೂತುಗಳಿದ್ದರೆ ಲೋಹದ ಪಟ್ಟಿ (ಬ್ರಾಕೆಟ್) ಹಾಕಿ ಅಲ್ಲೇ ಕೂರಿಸಬಹುದು, ಮೇಜು ಖಾಲಿ.

ಲ್ಯಾಪ್‌ಟಾಪಿನ ಹಾಗೆ ಇದರಲ್ಲಿ ಬ್ಯಾಟರಿ ಇಲ್ಲ. ಯುಪಿಎಸ್ ಬೇಕೇ ಬೇಕು. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಸೆಟ್ಟಿಂಗ್ಸ್ ಪರದೆ) ‘ಆಫ್ಟರ್ ಪವರ್ ಲಾಸ್’ ಅಂತ ಒಂದು ಆಯ್ಕೆ ಇದ್ದರೆ ‘ಪವರ್ ಆನ್’ ಮಾಡಿಡಿ. ಕರೆಂಟ್ ಬಂದ ಕೂಡಲೇ ತಾನೇ ಶುರುವಾಗುತ್ತೆ.

ಮಂಡಕ್ಕಿ ಭಟ್ಟಿ, ರೈಸ್ ಮಿಲ್ ಹತ್ತಿರದವರು ತಿಂಗಳಿಗೊಮ್ಮೆ ಧೂಳು ತೆಗೆಯಿರಿ. ಆಫ್ ಮಾಡಿ, ಅಂಗಳಕ್ಕೆ ಒಯ್ದು, ಫ್ಯಾನ್ ತಿರುಗದಂತೆ ಕಡ್ಡಿಯಿಂದ ತಡೆದು ಗಾಳಿ ಊದಿ. ನಮ್ಮದರಲ್ಲಿ ಮೊದಲ ಸಲ ಹೊಟ್ಟಿನ ಧೂಳು ಬೆರಳುದ್ದ ಗಟ್ಟಿ ಪಟ್ಟಿಯಾಗಿ ಹೊರಬಂತು. ಅವತ್ತಿನಿಂದ ಫ್ಯಾನ್ ಸದ್ದೇ ಕೇಳಿಸಿಲ್ಲ.