ದೊಡ್ಡ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆ: ಇಯರ್‌ಬಡ್ಸ್ ಬಿಟ್ಟು ಬೇರೆ ಏನು ಕೊಡಬಹುದು?

ಸಣ್ಣ ಮಕ್ಕಳಿಗೆ ಉಡುಗೊರೆ ತರುವುದು ಸುಲಭ. ಒಂದು ಕಾರು, ಒಂದು ಗೊಂಬೆ, ಮೇಲೊಂದು ಚಾಕೊಲೇಟ್ ಡಬ್ಬಿ, ಮುಗೀತು. ಹನ್ನೊಂದು ವರ್ಷ ದಾಟಿದ ಮೇಲೆ ತಲೆನೋವು ಶುರು. "ಏನು ಬೇಕೋ ನಿಂಗೆ?" ಅಂತ ಕೇಳಿದರೆ ಬರೋದು ಎರಡೇ ಉತ್ತರ. ಒಂದು "ಏನೂ ಬೇಡ ಅತ್ತೆ", ಇನ್ನೊಂದು ಇಯರ್‌ಬಡ್ಸ್. ನಮ್ಮ ಅಣ್ಣ-ತಮ್ಮಂದಿರ ಮಕ್ಕಳು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಅಂತ ಹರಡಿಕೊಂಡಿದ್ದಾರೆ, ಎಲ್ಲರೂ ಈಗ ಬಾಗಿಲು ಹಾಕಿಕೊಂಡು ಕೂರುವ ವಯಸ್ಸಿನವರು. ಅವರಿಗೆ ಕೊಟ್ಟು ಕೊಟ್ಟು, ಯಾವುದು ಕಪಾಟು ಸೇರಿತು, ಯಾವುದು ಸವೆಯುವ ತನಕ ಬಳಕೆಯಾಯಿತು ಅಂತ ನೋಡಿ ಇದನ್ನು ಬರೆಯುತ್ತಿದ್ದೇನೆ.

ಗ್ಯಾಜೆಟ್ ಯಾಕೆ ಬೇಡ ಅನ್ನುವುದಕ್ಕೆ ದೊಡ್ಡ ಸಿದ್ಧಾಂತ ಏನಿಲ್ಲ. ಅದು ಅಪ್ಪ-ಅಮ್ಮ ತೀರ್ಮಾನ ಮಾಡಬೇಕಾದ ವಿಷಯ, ಅಷ್ಟೇ. ಆ ಮನೆಯಲ್ಲಿ ಫೋನಿನ ಬಗ್ಗೆ ಈಗಾಗಲೇ ದಿನಾ ಜಗಳ ನಡೀತಿರುತ್ತದೆ, ಮಧ್ಯೆ ನಾವು ಹೋಗಿ ಸ್ಮಾರ್ಟ್‌ವಾಚ್ ಕೊಟ್ಟು ಬಂದರೆ ಹಬ್ಬದ ಮರುದಿನ ಬೈಗುಳ ನಮಗೇ.

ಆರಿಸುವ ದಾರಿ ಸರಳ. ಆ ಹುಡುಗ ಅಥವಾ ಹುಡುಗಿ ಯಾರೂ ಹೇಳದೆ ತಾನಾಗಿ ಏನು ಮಾಡ್ತಾ ಇದ್ದಾಳೆ ನೋಡಿ, ಅದಕ್ಕೇ ಒಂದು ಮೆಟ್ಟಿಲು ಮೇಲಿನ ಸಾಮಾನು ಕೊಡಿ. ಅವರು ಏನು ಮಾಡಬೇಕು ಅಂತ ನಿಮಗೆ ಅನ್ನಿಸುತ್ತದೋ ಅದನ್ನು ದಯವಿಟ್ಟು ಪಕ್ಕಕ್ಕಿಡಿ. ಓದದ ಹುಡುಗನಿಗೆ ಪುಸ್ತಕ ಕೊಟ್ಟರೆ ಓದುತ್ತಾನೆ ಅನ್ನುವುದು ನಮ್ಮ ಆಸೆ, ಅವನದಲ್ಲ. ನೇರವಾಗಿ ಕೇಳುವ ಬದಲು ಅವರ ಹತ್ತಿರ ಯಾವುದು ಹರಿದಿದೆ, ಮುರಿದಿದೆ, ಮುಗಿಯುತ್ತಾ ಬಂದಿದೆ ಅಂತ ಗಮನಿಸಿ. ಹಿಡಿಗೆ ಟೇಪ್ ಸುತ್ತಿದ ರ‍್ಯಾಕೆಟ್, ಹೆಬ್ಬೆರಳುದ್ದ ಉಳಿದ ಪೆನ್ಸಿಲ್, ಬ್ರೇಕ್ ಹಿಡಿಯದ ಸೈಕಲ್, ಇವೆಲ್ಲ ಬಾಯಿಬಿಟ್ಟು ಹೇಳುತ್ತವೆ. ಇನ್ನೂ ಗೊತ್ತಾಗದಿದ್ದರೆ ತಂಗಿಯನ್ನೋ ತಮ್ಮನನ್ನೋ ಕೇಳಿ. ಅಮ್ಮಂದಿರಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ.

ಆಟದ ಸಾಮಾನಿನಿಂದ ಶುರು ಮಾಡೋಣ, ಯಾಕೆಂದರೆ ಇದರಲ್ಲಿ ಅಳತೆ ತಪ್ಪಿದರೆ ದುಡ್ಡು ದಂಡ. ಕ್ರಿಕೆಟ್ ಬ್ಯಾಟ್ ತರುವುದಾದರೆ "ಬೆಳೀತಾನೆ ಬಿಡು" ಅಂತ ದೊಡ್ಡದು ತರಬೇಡಿ. ಶೂ ಹಾಕಿಕೊಂಡು ನಿಂತವನ ಕಾಲಿನ ಪಕ್ಕ ಬ್ಯಾಟ್ ನಿಲ್ಲಿಸಿದರೆ ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು. ಸಾಮಾನ್ಯವಾಗಿ ಹನ್ನೊಂದು-ಹನ್ನೆರಡು ವರ್ಷಕ್ಕೆ 6ನೇ ಸೈಜು, ಅದಾದ ಮೇಲೆ ಹ್ಯಾರೋ ಅನ್ನುವ ಸೈಜು, ಪೂರ್ತಿ ಎತ್ತರ ಬಂದ ಮೇಲೆ ದೊಡ್ಡವರ ಬ್ಯಾಟ್. ಲೆದರ್ ಬಾಲ್ ಈಗಷ್ಟೇ ಶುರು ಮಾಡಿದವರಿಗೆ ಕಾಶ್ಮೀರ್ ವಿಲೋ ಮರದ ಬ್ಯಾಟ್ ಧಾರಾಳ ಸಾಕು. ಆದರೆ ಹೊಸ ವಿಲೋ ಬ್ಯಾಟನ್ನು ಸೀದಾ ಮ್ಯಾಚಿಗೆ ಒಯ್ದರೆ ಸೀಳು ಬಿಡುತ್ತದೆ. ಅಗಸೆ ಎಣ್ಣೆ ಸವರಿ, ಮರದ ಸುತ್ತಿಗೆಯಿಂದ ಕೆಲವು ದಿನ ಬಡಿದು ಹದ ಮಾಡಬೇಕು. ಆದ್ದರಿಂದ ಬ್ಯಾಟಿನ ಜೊತೆ ಎಣ್ಣೆ ಬಾಟಲಿ, ಸುತ್ತಿಗೆ ಎರಡನ್ನೂ ಕಟ್ಟಿಕೊಡಿ. ಹದಿಮೂರರ ಹುಡುಗರಿಗೆ ಈ ಬಡಿಯುವ ಕೆಲಸ ಅಂದರೆ ಎಷ್ಟು ಖುಷಿ ಅಂತ ಅಕ್ಕಪಕ್ಕದ ಮನೆಯವರು ಹೇಳುತ್ತಾರೆ.

ವಾಲಿಬಾಲ್ ನಮ್ಮ ಕಡೆ ಇನ್ನೂ ಜೀವಂತ ಆಟ. ಬಾಲ್ ಕೊಡುವವರು ಪಂಪು, ಸೂಜಿ ಕೊಡುವುದನ್ನು ಮರೆಯುತ್ತಾರೆ, ಗಾಳಿ ಇಳಿದ ದಿನ ಆಟ ಬಂದ್. ಶಟಲ್ ಆಡುವವರಿಗೆ ರ‍್ಯಾಕೆಟ್‌ಗಿಂತ ಶಟಲ್ ಡಬ್ಬಿಗಳೇ ಒಳ್ಳೆಯ ಉಡುಗೊರೆ. ಅಂಗಳದಲ್ಲಿ ಆಡುವುದಾದರೆ ಗರಿಯದ್ದು ಬೇಡ, ನೈಲಾನ್ ತನ್ನಿ. ಅದರ ಬೆಂಡಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ನೀಲಿ ತಗೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮನೆಯೊಳಗಿನ ಆಟಕ್ಕೆ ಕೇರಂ ಕೊಡುವುದಾದರೆ ಒಂದೇ ಒಂದು ಒಳ್ಳೆಯದು ಕೊಡಿ. ತೆಳು ಪ್ಲೈವುಡ್‌ನ ಚಿಕ್ಕ ಬೋರ್ಡು ಆಟಿಕೆ ಅಷ್ಟೇ, ಸ್ಟ್ರೈಕರ್ ಪುಟಿಯುವುದೇ ಇಲ್ಲ. ಆಡುವ ಜಾಗ 74 ಸೆಂಟಿಮೀಟರ್ ಚೌಕ ಇರಬೇಕು, ಪ್ಲೈ ಕನಿಷ್ಠ 8 ಮಿಲಿಮೀಟರ್. ಚೆಸ್ ಇದಕ್ಕಿಂತ ಅಗ್ಗ. 2024ರ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಮಕ್ಕಳೂ ಬೋರ್ಡು ಹೊರಗೆ ತೆಗೆದರು. ಕೆತ್ತನೆಯ ಮರದ ಸೆಟ್ಟು ಶೋಕೇಸಿಗೆ ಚೆಂದ, ಆಡೋಕೆ ಬೇಕಾದದ್ದು ಸುತ್ತಿಡುವ ಬೋರ್ಡು ಮತ್ತು ರಾಜ ಸುಮಾರು 95 ಮಿಲಿಮೀಟರ್ ಎತ್ತರ ಇರುವ ಪ್ಲಾಸ್ಟಿಕ್ ಕಾಯಿಗಳು. ಟೂರ್ನಮೆಂಟ್‌ಗಳಲ್ಲೂ ಇದೇ ಅಳತೆ.

ಚಿತ್ರ ಬರೆಯುವ ಮಕ್ಕಳಿಗೆ ಎಲ್ಲರೂ ಬಣ್ಣದ ಡಬ್ಬಿಯನ್ನೇ ಕೊಡುತ್ತಾರೆ. ಅವರ ಹತ್ತಿರ ಅದು ರಾಶಿ ಬಿದ್ದಿರುತ್ತದೆ, ಇಲ್ಲದ್ದು ಒಳ್ಳೆಯ ಕಾಗದ. ಶಾಲೆಯ ಡ್ರಾಯಿಂಗ್ ಹಾಳೆಯ ಮೇಲೆ ನೀರು ಬಿದ್ದ ಕೂಡಲೇ ಅದು ಸುರುಟಿಕೊಳ್ಳುತ್ತದೆ, ಮಕ್ಕಳು ತಮಗೇ ಬರೋದಿಲ್ಲ ಅಂದುಕೊಳ್ಳುತ್ತಾರೆ. 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ವಾಟರ್‌ಕಲರ್ ಕಾಗದದ ಒಂದು ಪ್ಯಾಡ್, 4 ಮತ್ತು 8ನೇ ನಂಬರಿನ ಎರಡು ದುಂಡು ಬ್ರಶ್ ಕೊಟ್ಟು ನೋಡಿ, ಅದೇ ಹಳೇ ಬಣ್ಣದಲ್ಲಿ ಚಿತ್ರ ಬೇರೆಯೇ ಬರುತ್ತದೆ. ಪೆನ್ಸಿಲ್ ಹಿಡಿಯುವವರಿಗೆ 2ಬಿ, 4ಬಿ, 6ಬಿ ಸಾಕು.

ಇದರಲ್ಲೇ ಇನ್ನೊಂದಿದೆ, ನನಗೆ ಬಹಳ ಇಷ್ಟವಾದದ್ದು. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ವಾ? ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಚಿತ್ರದ ಹುಚ್ಚಿರುವ ಹುಡುಗಿಯನ್ನು ಒಬ್ಬ ಚಿತ್ತಾರಗಿತ್ತಿಯ ಹತ್ತಿರ ಒಂದು ದಿನ ಕೂರಿಸುವುದೇ ಉಡುಗೊರೆ. ಮೊದಲೇ ಹೋಗಿ ಮಾತಾಡಿ, ಅವರ ದಿನಕ್ಕೆ ಸರಿಯಾದ ದುಡ್ಡು ಕೊಡಿ. "ಸುಮ್ನೆ ನೋಡೋಕೆ ಬಂದ್ವಿ" ಅಂತ ಬಿಟ್ಟಿ ಕಲಿಯಬೇಡಿ.

ಕಾಡು, ಹಕ್ಕಿ ಅಂತ ಓಡಾಡುವ ಮಕ್ಕಳಿಗೆ ಬೈನಾಕ್ಯುಲರ್. ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ, ಆದ್ದರಿಂದ ನನ್ನ ಲೆಕ್ಕದಲ್ಲಿ ಇದು ಗ್ಯಾಜೆಟ್ ಅಲ್ಲ. ಅದರ ಮೇಲೆ 8x42 ಅಂತ ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅರ್ಥ. ಜಾಸ್ತಿ ಪಟ್ಟು ಅಂದರೆ ಜಾಸ್ತಿ ಒಳ್ಳೆಯದು ಅಂದುಕೊಂಡು 20 ಪಟ್ಟಿನದು ತಂದರೆ ಕೈ ನಡುಗಿ ಏನೂ ಕಾಣುವುದಿಲ್ಲ. ನಮ್ಮ ಕಾಡಿನ ಮಬ್ಬು ಬೆಳಕಿಗೆ 8x42 ಹೇಳಿ ಮಾಡಿಸಿದ್ದು. ಬೆಲೆ ಸ್ವಲ್ಪ ಜಾಸ್ತಿ, ಅಜ್ಜ-ಅಜ್ಜಿ, ಮಾವಂದಿರು ಎಲ್ಲ ಸೇರಿ ಕೊಡಬಹುದು. ಮಂಡಗದ್ದೆ ಪಕ್ಷಿಧಾಮದಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಹಾಗಾಗಿ ಉಡುಗೊರೆ ಬಂದ ವಾರವೇ ಅಲ್ಲಿಗೆ ಓಡಬೇಡಿ. ಚಳಿಗಾಲಕ್ಕೆ ಊರ ಕೆರೆ, ಮನೆ ಹಿಂದಿನ ಗದ್ದೆ, ತೋಟದ ಮಂಗಟ್ಟೆ ಹಕ್ಕಿ ಸಾಕು. ರಾತ್ರಿಗೆ ಅದನ್ನೇ ಆಕಾಶಕ್ಕೆ ಹಿಡಿಯಿರಿ. ಡಿಸೆಂಬರ್‌ನಲ್ಲಿ ಕೃತ್ತಿಕೆ ಸಂಜೆಯೇ ಪೂರ್ವದಲ್ಲಿ ಎದ್ದಿರುತ್ತದೆ, ಬರಿಗಣ್ಣಿಗೆ ಆರೇಳು ಚುಕ್ಕಿ ಕಂಡರೆ ಇದರಲ್ಲಿ ಹತ್ತಾರು. ಗೋಡೆಗೆ ಒರಗಿ ಅಲುಗಾಡದೆ ಹಿಡಿದರೆ ಗುರುಗ್ರಹದ ದೊಡ್ಡ ಉಪಗ್ರಹಗಳೂ ಸಿಗುತ್ತವೆ. ಅಗ್ಗದ ಟೆಲಿಸ್ಕೋಪಿಗೆ ದುಡ್ಡು ಹಾಕುವುದಕ್ಕಿಂತ ಇದು ವಾಸಿ.

ಮಲೆನಾಡಿನವರು ಇನ್ನೊಂದು ಯೋಚಿಸಬೇಕು, ಬಯಲುಸೀಮೆಯವರಿಗೆ ಈ ಕಾಟ ಇಲ್ಲ. ಕೊಟ್ಟ ವಸ್ತು ಜೂನ್‌ನಿಂದ ಸೆಪ್ಟೆಂಬರ್ ದಾಟಬೇಕು. ಮಳೆಗಾಲದ ಥಂಡಿಗೆ ಬೈನಾಕ್ಯುಲರ್ ಗಾಜಿನೊಳಗೆ ಫಂಗಸ್ ಬರುತ್ತದೆ, ಗಿಟಾರಿನ ಮರ ಉಬ್ಬುತ್ತದೆ, ಲೆದರ್ ಗ್ಲೌಸ್‌ಗೆ ಬೂಷ್ಟು ಹಿಡಿಯುತ್ತದೆ, ಕೇರಂ ಬೋರ್ಡ್ ಬಾಗುತ್ತದೆ, ಒಳ್ಳೆಯ ವಾಟರ್‌ಕಲರ್ ಕಾಗದದ ಮೇಲೆ ಕಂದು ಚುಕ್ಕಿ ಏಳುತ್ತದೆ. ಗಾಳಿಯಾಡದ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣ ಜೊತೆಗೇ ಕೊಟ್ಟುಬಿಡಿ. ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ ಇಡಬೇಡಿ ಅಂತ ಹೇಳಿ. ತೇವ ಇಲ್ಲದ ಕಡೆ, ಮಂಚದ ಮೇಲೋ ಅಟ್ಟದಲ್ಲೋ ಅಡ್ಡ ಮಲಗಿಸಿದರೆ ಬಾಳುತ್ತದೆ.

ಸಂಗೀತದ ಸಾಮಾನನ್ನು ಅಚ್ಚರಿಯ ಉಡುಗೊರೆಯಾಗಿ ತರಬಾರದು, ಕಲಿಸುವವರನ್ನು ಕೇಳಿಯೇ ತರಬೇಕು. ಕರ್ನಾಟಕ ಶೈಲಿಯ ಕೊಳಲಿಗೆ ಬೆರಳಿಡುವ ತೂತು 8, ಹಿಂದೂಸ್ತಾನಿ ಬಾನ್ಸುರಿಗೆ 6. ತಪ್ಪಾದದ್ದು ತಂದರೆ ಅಲಂಕಾರಕ್ಕೆ ಅಷ್ಟೇ. ಚರ್ಚ್ ಕ್ವಾಯರ್‌ನಲ್ಲಿ ಹಾಡುವ ಮಕ್ಕಳಿಗೆ ಗಿಟಾರಿನ ಆಸೆ ಇರುತ್ತದೆ. ನೈಲಾನ್ ತಂತಿ ಬೆರಳಿಗೆ ಮೆತ್ತಗೆ, ಸ್ಟೀಲ್ ತಂತಿ ಮೊದಲ ತಿಂಗಳು ಅಳಿಸುತ್ತದೆ. ಯಾರದ್ದೋ ಮನೆಯಲ್ಲಿ ಸುಮ್ನೆ ಧೂಳು ತಿನ್ನುತ್ತಿರುವ ಹಳೆಯದನ್ನು ಕೊಂಡು, ಹೊಸ ತಂತಿ ಹಾಕಿಸಿ, ಚೀಲ ಹೊಲಿಸಿ ಕೊಟ್ಟರೆ ಯಾವ ಅವಮಾನವೂ ಇಲ್ಲ.

ಬಟ್ಟೆ ಬಗ್ಗೆ: ಹದಿನಾಲ್ಕು ದಾಟಿದವರಿಗೆ ನೀವು ಆರಿಸಬೇಡಿ. ಬೇಕಾದರೆ ಹೆಗ್ಗೋಡಿನ ಚರಕ ಸಂಸ್ಥೆಗೆ ಕರೆದುಕೊಂಡು ಹೋಗಿ, ಅಡಿಕೆ ಚೊಗರಿನಂಥ ಸಹಜ ಬಣ್ಣ ಹಾಕಿದ ಕೈಮಗ್ಗದ ಬಟ್ಟೆಯಲ್ಲಿ ಅವರೇ ಆರಿಸಲಿ, ಹೊಲಿಗೆ ಕೂಲಿಯೂ ನಿಮ್ಮದೇ ಇರಲಿ. ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಮಾಡುವಾಗ ಕರ್ಜಿಕಾಯಿಯಂಥ ನೆವ್ರಿಗೆ ಹೂರಣ ತುಂಬೋಕೆ ತಾನಾಗಿ ಬಂದು ಕೂರುವ ಹುಡುಗ ಇದ್ದರೆ ಅವನಿಗೆ ಕೇಕ್ ಟಿನ್, ಅಳತೆ ಕಪ್ಪು, ಒಂದು ಕೆಜಿ ಬೆಣ್ಣೆ. ಪಂಪ್‌ಸೆಟ್ ಬಿಚ್ಚುವ ಅಪ್ಪನ ಪಕ್ಕ ಸ್ಕ್ರೂಡ್ರೈವರ್ ಹಿಡಿದು ನಿಲ್ಲುವ ಹುಡುಗಿಗೆ ಅವಳದ್ದೇ ಒಂದು ಟೂಲ್ ಬಾಕ್ಸ್, ಹೆಸರು ಬರೆದು. ಇದು ಹುಡುಗರದ್ದು, ಅದು ಹುಡುಗಿಯರದ್ದು ಅನ್ನುವ ಹಳೇ ಲೆಕ್ಕ ಇಲ್ಲಿ ಬಿಡಬೇಕು.

ಇನ್ನು ದುಡ್ಡಿಗಿಂತ ಜಾಸ್ತಿ ಧೈರ್ಯ ಬೇಕಾಗುವ ಉಡುಗೊರೆಗಳು. ಈ ವಯಸ್ಸಿನವರಿಗೆ ನಿಜವಾಗಿ ಬೇಕಾಗಿರುವುದು ಸ್ವಲ್ಪ ಸ್ವಾತಂತ್ರ್ಯ. ಶಿವಮೊಗ್ಗದ ಹದಿನೈದರ ಹುಡುಗಿಗೆ ತಾಳಗುಪ್ಪ ರೈಲಿನಲ್ಲಿ ಸಾಗರದ ಚಿಕ್ಕಮ್ಮನ ಮನೆಗೆ ಒಬ್ಬಳೇ ಹೋಗಿ ಬರುವ ಟಿಕೆಟ್ ಕೊಡಿ, ಜೊತೆಗೆ ಗೆಳತಿ ಇದ್ದರೆ ಇನ್ನೂ ಚೆನ್ನ. ಇಳಿಯುವ ಸ್ಟೇಷನ್ನಿನ ಹೆಸರು ಸಾಗರ ಜಂಬಗಾರು ಅಂತ ಮೊದಲೇ ಹೇಳಿಡಿ, ಚಿಕ್ಕಮ್ಮ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿರಲಿ. ನೀನಾಸಂ ತಿರುಗಾಟದ ನಾಟಕ ಹತ್ತಿರ ಎಲ್ಲಾದರೂ ಬಂದರೆ ಎರಡು ಟಿಕೆಟ್, ಒಂದು ಅವರಿಗೆ, ಇನ್ನೊಂದು ಅವರು ಕರೆದವರಿಗೆ. ಆ ಎರಡನೆಯದರಲ್ಲಿ ನೀವು ಕೂರಬೇಡಿ. ಕವಲೇದುರ್ಗ ಹತ್ತುವುದೋ, 1343 ಮೀಟರ್ ಎತ್ತರದ ಕೊಡಚಾದ್ರಿಯೋ, ಗೆಳೆಯರ ಗುಂಪಿಗೆ ಊಟದ ಬುತ್ತಿ ಕಟ್ಟಿ ಒಬ್ಬ ದೊಡ್ಡವರನ್ನು ಜೊತೆಗೆ ಕಳಿಸಿ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ, ಬುಕಿಂಗ್ ಏನಾದರೂ ಬೇಕಾ ಅಂತ ಮೊದಲು ನೋಡಿಕೊಳ್ಳಿ. ತೋಟದ ಮನೆಗಳಲ್ಲಿ ಡಿಸೆಂಬರ್ ಅಂದರೆ ಅಡಿಕೆ ಕೊಯ್ಲಿನ ಗಡಿಬಿಡಿ, ದೊಡ್ಡವರಿಗೆ ಪುರುಸೊತ್ತು ಇರುವುದಿಲ್ಲ, ಹಾಗಾಗಿ ತಾರೀಖನ್ನು ಅವತ್ತೇ ಚೀಟಿಯಲ್ಲಿ ಬರೆದು ಕೊಡಿ. ತಾರೀಖಿಲ್ಲದ ಭರವಸೆಯನ್ನು ಮಕ್ಕಳು ನಂಬುವುದಿಲ್ಲ, ಅವರದ್ದೇನೂ ತಪ್ಪಿಲ್ಲ.

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಗೈಡು, ಪ್ರಶ್ನೆಪತ್ರಿಕೆ ಪುಸ್ತಕ, ಕೋಚಿಂಗ್ ಫೀಸು, ಇವನ್ನು ಕ್ರಿಸ್‌ಮಸ್ ಕಾಗದದಲ್ಲಿ ಸುತ್ತಿ ಕೊಡುವವರಿದ್ದಾರೆ. ಅದು ಖರ್ಚು, ಉಡುಗೊರೆ ಅಲ್ಲ. ಅವರಿಗೆ ಈಗ ಚಿಕ್ಕದೊಂದು ಕೊಟ್ಟು, ದೊಡ್ಡದನ್ನು ಪರೀಕ್ಷೆ ಮುಗಿದ ಮೇಲಿನ ರಜೆಗೆ ಇಡಿ: ಈಜು ಕಲಿಯುವುದು, ಸೈಕಲ್‌ಗೆ ಹೊಸ ಟಯರ್, ಬ್ರೇಕ್ ಹಾಕಿಸಿ ಸರ್ವಿಸ್ ಮಾಡಿಸುವುದು. ಮಾರ್ಕ್ಸ್‌ಗೂ ಅದಕ್ಕೂ ಗಂಟು ಹಾಕಬೇಡಿ.

ಕವರಿನಲ್ಲಿ ದುಡ್ಡು ಕೊಡುವುದು ತಪ್ಪೇನಲ್ಲ, ಆದರೆ ಸುಮ್ಮನೆ ಕೊಟ್ಟರೆ ಅದು ಮೊಬೈಲ್ ರೀಚಾರ್ಜ್‌ಗೆ ಹೋಗುತ್ತದೆ. "ಇದು ನಿನ್ನ ಶೂಗೆ ನನ್ನ ಪಾಲು" ಅಂತ ಒಂದು ಸಾಲು ಬರೆಯಿರಿ. ಶಾಲೆಯಲ್ಲೋ ಚರ್ಚ್ ಯುವಕರ ಗುಂಪಿನಲ್ಲೋ ಸೀಕ್ರೆಟ್ ಸಾಂಟಾ ಇದ್ದು 200 ರೂಪಾಯಿ ಮಿತಿ ಹಾಕಿದ್ದರೆ ಕಾಫಿ ಕಪ್ಪು, ಫೋಟೋ ಫ್ರೇಮ್ ಬೇಡ. ಒಂದು ಇಂಕ್ ಪೆನ್ನು, ಅಥವಾ ನಿಮ್ಮ ಅಂಗಳದ ಡೇಲಿಯಾ ಗೆಡ್ಡೆ ಕುಂಡದ ಸಮೇತ. ಹುಡುಗರೂ ಇಸ್ಕೊಂಡು ಹೋಗುತ್ತಾರೆ, ನೋಡಿ ಬೇಕಾದರೆ.

ಶಿವಮೊಗ್ಗದ ಗಾಂಧಿ ಬಜಾರ್, ದುರ್ಗಿಗುಡಿ, ನೆಹರೂ ರಸ್ತೆ ಸುತ್ತಿದರೆ ಆಟದ ಸಾಮಾನು, ಸ್ಟೇಷನರಿ ಎಲ್ಲ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡಬೇಕಾದ ಬ್ಯಾಟ್, ಗಿಟಾರ್, ರ‍್ಯಾಕೆಟ್ ಅಂಗಡಿಯಲ್ಲೇ ಕೊಳ್ಳಿ. ಬೈನಾಕ್ಯುಲರ್, ದಪ್ಪ ಕಾಗದಕ್ಕೆ ಆನ್‌ಲೈನೇ ಗತಿ. ಹೊಸನಗರ, ಕಾರ್ಗಲ್ ಕಡೆಯ ಹಳ್ಳಿ ವಿಳಾಸಕ್ಕೆ ಪಾರ್ಸೆಲ್ ಲೇಟಾಗಬಹುದು, ಡಿಸೆಂಬರ್ 10ರ ಒಳಗೆ ಆರ್ಡರ್ ಹಾಕಿ, ಇಲ್ಲಾ ಪೇಟೆಯ ನೆಂಟರ ವಿಳಾಸ ಕೊಡಿ. ಬಿಲ್ಲನ್ನು ಎಸೆಯಬೇಡಿ, ಶೂ ಮತ್ತು ಬ್ಯಾಟಿನ ಬಿಲ್ಲನ್ನಂತೂ ಪೊಟ್ಟಣದೊಳಗೇ ಇಡಿ. ಬೆಲೆ ಕಾಣಿಸುತ್ತದೆ ಅಂತ ಸಂಕೋಚ ಪಟ್ಟರೆ ಹಬ್ಬ ಮುಗಿದ ಮೇಲೆ ಸೈಜು ಬದಲಾಯಿಸೋಕೆ ನೀವೇ ಅಂಗಡಿಗೆ ಹೋಗಬೇಕಾಗುತ್ತದೆ.