ಅಣಬೆ ಬೀಜದ ಬಾಟಲಿ ಕೆಡದಂತೆ ಕುಕ್ಕರ್ ಇಡುವುದು ಹೇಗೆ?

ಕೋಲಾರದ ಕಡೆ ಹಸು, ರೇಷ್ಮೆ, ಟೊಮೆಟೊ ಜೊತೆಗೆ ಚಿಪ್ಪು ಅಣಬೆಯನ್ನೂ ಬೆಳೆಯೋಣ ಅನ್ನುವವರಿಗೆ ಮೊದಲ ಕಷ್ಟ ಬೀಜದ್ದು. ಬೇಯಿಸಿದ ಜೋಳದ ಮೇಲೆ ಅಣಬೆಯ ಬಿಳಿ ಎಳೆ ಹಬ್ಬಿಸಿದರೆ ಅದೇ ಬೀಜ. ಆದರೆ ಮನೆಯಲ್ಲಿ ಮಾಡಿದ ಬಾಟಲಿ ಎಷ್ಟೋ ಸಲ ಮೂರ್ನಾಲ್ಕು ದಿನಕ್ಕೇ ಅಂಟಂಟಾಗಿ ಹುಳಿ ವಾಸನೆ ಹೊಡೆಯುತ್ತದೆ. ಅದು ಬ್ಯಾಕ್ಟೀರಿಯಾದ ಕೆಲಸ.

ಬ್ಯಾಕ್ಟೀರಿಯಾ ಅಂದರೆ ಒಂದೇ ಜೀವಕೋಶ. ಹೊರಗೆ ಗಟ್ಟಿ ಗೋಡೆ, ಒಳಗೆ ತೆಳು ಪೊರೆ, ಅದರೊಳಗೆ ಡಿಎನ್‌ಎ ಮತ್ತು ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳು. ನಮ್ಮ ಜೀವಕೋಶದಲ್ಲಿರುವಂಥ ನ್ಯೂಕ್ಲಿಯಸ್ ಇಲ್ಲ. ಆಹಾರ, ನೀರು, ಬಿಸಿ ಹದವಾಗಿದ್ದರೆ ಕೆಲವು ಜಾತಿಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಈ ವೇಗ ಹಿಡಿದ ಮೇಲೆ ಒಂದೇ ಬ್ಯಾಕ್ಟೀರಿಯಾ ಏಳು ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಅಣಬೆಯ ಎಳೆ ಬಾಟಲಿ ತುಂಬಲು ಎರಡು ವಾರಕ್ಕೂ ಜಾಸ್ತಿ ಬೇಕು. ಒಂದೇ ಒಂದು ಉಳಿದರೂ ಗೆಲ್ಲುವುದು ಯಾರು ಹೇಳಿ?

ಕುದಿಸಿದರೆ ಸಾಯುವುದಿಲ್ಲವೇ? ಸಾಮಾನ್ಯ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಕಾಳಿನ ಮೇಲೆ, ಮಣ್ಣಿನಲ್ಲಿ, ಹುಲ್ಲಿನಲ್ಲಿ ಬ್ಯಾಸಿಲಸ್ ಎಂಬ ಜಾತಿ ಇರುತ್ತದೆ. ಕಷ್ಟಕಾಲ ಬಂದರೆ ಇದು ಡಿಎನ್‌ಎಯನ್ನು ಹಲವು ಪದರಗಳ ಒಳಗಿಟ್ಟು, ಒಳಗಿನ ನೀರನ್ನು ತೀರಾ ಕಡಿಮೆ ಮಾಡಿಕೊಂಡು ಸ್ಪೋರ್ ಆಗಿ ಕೂರುತ್ತದೆ. ಒಣಹುಲ್ಲಿನ ಬ್ಯಾಸಿಲಸ್‌ನ ಈ ಸ್ಪೋರ್‌ಗಳನ್ನು ಜರ್ಮನಿಯ ಫರ್ಡಿನಾಂಡ್ ಕೋನ್ 1876ರಲ್ಲೇ ವಿವರಿಸಿದ್ದರು. ಸ್ಪೋರ್ ಕುದಿಯುವ ನೀರಿಗೂ ಜಗ್ಗುವುದಿಲ್ಲ, ಸ್ಪಿರಿಟ್‌ಗೂ ಜಗ್ಗುವುದಿಲ್ಲ. ಅದಲ್ಲದೆ ಕೋಲಾರ 800 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ನಮಗೆ ಬೇಕಾದದ್ದು 121 ಡಿಗ್ರಿ ಹಬೆ. 1879ರಲ್ಲಿ ಫ್ರಾನ್ಸಿನ ಚೇಂಬರ್‌ಲ್ಯಾಂಡ್ ಇದಕ್ಕೆಂದೇ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸುವ ಪಾತ್ರೆ, ಮಾಡಿದರು. ನಮಗೆ ದೊಡ್ಡ ಪ್ರೆಶರ್ ಕುಕ್ಕರ್ ಸಾಕು.

ಕಾಳಿನ ತಯಾರಿ

ಜೋಳವನ್ನು ರಾತ್ರಿಯಿಡೀ ನೆನೆಹಾಕಿ. ಇದನ್ನು ಬಿಡಲೇಬೇಡಿ. ನೀರು ಸಿಕ್ಕಾಗ ಎಷ್ಟೋ ಸ್ಪೋರ್ ಒಡೆದು ಮಾಮೂಲಿ ಬ್ಯಾಕ್ಟೀರಿಯಾ ಆಗುತ್ತವೆ, ಬೇಯಿಸುವಾಗ ಸುಲಭವಾಗಿ ಸಾಯುತ್ತವೆ. ಕಾಳು ಒಡೆಯದಂತೆ ಅರೆಬೇಯಿಸಿ, ಬಸಿದು, ಮೇಲ್ಮೈ ಆರುವವರೆಗೆ ಬಟ್ಟೆಯ ಮೇಲೆ ಹರಡಿ. ಜಿಪ್ಸಂ ಮತ್ತು ಸುಣ್ಣಕಲ್ಲಿನ ಪುಡಿ ಸ್ವಲ್ಪ ಬೆರೆಸಿ. ಜಿಪ್ಸಂ ಇದ್ದರೆ ಕಾಳು ಅಂಟಿಕೊಳ್ಳುವುದಿಲ್ಲ. ಖಾಲಿ ಗಾಜಿನ ಗ್ಲೂಕೋಸ್ ಬಾಟಲಿಗೆ ಮೂರನೇ ಎರಡು ಭಾಗ ತುಂಬಿ, ಹತ್ತಿಯ ಬಿರಡೆ ಹಾಕಿ, ಮೇಲೆ ಪೇಪರ್ ಕಟ್ಟಿ.

ಕುಕ್ಕರ್ ಇಡುವಾಗ

ತಳಕ್ಕೆ ಸ್ಟ್ಯಾಂಡ್ ಇಟ್ಟು, ಎರಡು ಗಂಟೆಗೆ ಸಾಲುವಷ್ಟು ನೀರು ಹಾಕಿ. ಬಾಟಲಿಗಳ ನಡುವೆ ಹಬೆ ಓಡಾಡಲು ಜಾಗ ಬಿಡಿ. ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ನೋಡಿಕೊಳ್ಳಿ.

ಈಗ ಬರುವುದೇ ಮುಖ್ಯ. ವೆಯ್ಟ್ ತಕ್ಷಣ ಹಾಕಬೇಡಿ. ಹಬೆ ರಭಸವಾಗಿ ಬರಲು ಶುರುವಾದ ಮೇಲೂ 10 ನಿಮಿಷ ಹಾಗೇ ಬಿಡಿ. ಒಳಗೆ ಗಾಳಿ ಉಳಿದರೆ ಒತ್ತಡ ಸರಿಯಾಗಿದ್ದರೂ ಬಿಸಿ 121 ಡಿಗ್ರಿ ಮುಟ್ಟುವುದಿಲ್ಲ. ಕೆಟ್ಟ ಬಾಟಲಿ ಕಂಡಾಗ ನಾನು ಮೊದಲು ಕೇಳುವುದು ಇದನ್ನೇ.

ಆಮೇಲೆ ವೆಯ್ಟ್ ಹಾಕಿ. 15 ಪೌಂಡ್ ಒತ್ತಡ ಬಂದ ಮೇಲೆ ಉರಿ ತಗ್ಗಿಸಿ ಎರಡು ಗಂಟೆ ಇಡಿ. ಲ್ಯಾಬಿನಲ್ಲಿ ದ್ರವಕ್ಕೆ 15 ನಿಮಿಷ ಸಾಕು ಅನ್ನುವುದನ್ನು ಇಲ್ಲಿ ಹಿಡಿಯಬೇಡಿ. ಕಾಳಿನ ನಡುಭಾಗಕ್ಕೆ ಬಿಸಿ ಇಳಿಯಲು ಹೊತ್ತು ಬೇಕು. ನಮ್ಮ ಎತ್ತರದಲ್ಲಿ ಅದೇ ವೆಯ್ಟ್‌ಗೆ ಬಿಸಿ ಒಂದೆರಡು ಡಿಗ್ರಿ ಕಡಿಮೆಯೂ ಇರುತ್ತದೆ.

ಒಲೆ ಆರಿಸಿ, ತಾನಾಗೇ ತಣ್ಣಗಾಗಲು ಬಿಡಿ. ವೆಯ್ಟ್ ಎತ್ತಿದರೆ ಒಳಗಿನ ನೀರು ಉಕ್ಕಿ ಹತ್ತಿ ಒದ್ದೆಯಾಗುತ್ತದೆ. ಒದ್ದೆ ಹತ್ತಿಯಲ್ಲಿ ಬ್ಯಾಕ್ಟೀರಿಯಾ ಸಲೀಸಾಗಿ ಒಳಗೆ ನುಸುಳುತ್ತದೆ.

ಅಣಬೆ ಸೇರಿಸುವ ಮೊದಲು

ಬಾಟಲಿಗಳನ್ನು ಎರಡು ಮೂರು ದಿನ ಸುಮ್ನೆ ಇಡಿ. ಅಂಟು, ಹುಳಿ ವಾಸನೆ ಕಂಡದ್ದನ್ನು ಮತ್ತೆ ಕುಕ್ಕರ್‌ನಲ್ಲಿ ಬೇಯಿಸಿ ತಿಪ್ಪೆಗೆ ಹಾಕಿ. ಉಳಿದವಕ್ಕೆ ಗಾಳಿಯಾಡದ ಕೋಣೆಯಲ್ಲಿ, ಸ್ಪಿರಿಟ್ ದೀಪದ ಪಕ್ಕದಲ್ಲೇ ತಾಯಿ ಬೀಜ (ಮೊದಲೇ ಅಣಬೆಯ ಎಳೆ ಹಬ್ಬಿದ ಕಾಳು) ಸೇರಿಸಿ. ಕೈಗೆ ಸ್ಪಿರಿಟ್ ಹಚ್ಚಿದ್ದರೆ ಪೂರ್ತಿ ಆರಿದ ಮೇಲೆಯೇ ದೀಪ ಹಚ್ಚಿ. ಚಮಚವನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ತಣಿಸಿ ಬಳಸಿ. ಸ್ಪಿರಿಟ್ ಒರೆಸಿದರೆ ಸ್ಪೋರ್ ಹೋಗುವುದಿಲ್ಲ, ಉರಿಗೆ ಹಿಡಿದರೆ ಹೋಗುತ್ತದೆ.