ಪದ್ಮಿನಿಲಿ ಶಿವಮೊಗ್ಗದಿಂದ ಟ್ಯೂರಿನ್‌ಗೆ: ಘಾಟಿಲಿ ಕೆಟ್ಟಿದ್ದನ್ನಷ್ಟೇ ಸ್ಪೇರ್ ಅಂತ ಒಯ್ದೆ

ಇಟಲಿಯ ಫಿಯಟ್ 1100 ಕಾರನ್ನೇ ನಮ್ಮ ದೇಶದಲ್ಲಿ ಪದ್ಮಿನಿ ಅಂತ ಮಾಡ್ತಿದ್ರು. ಆ ಪದ್ಮಿನಿ ತಗೊಂಡು ಯುರೋಪಿಗೆ, ಫಿಯಟ್ಟಿನ ತವರು ಟ್ಯೂರಿನ್‌ಗೆ ಹೋಗ್ತೀನಿ ಅಂದಾಗ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸಲ್ಲಿ ಒಬ್ರೂ ಹೂಂ ಅನ್ಲಿಲ್ಲ. ಬೊಲೆರೋ ತಗೊಳಿ, ಥಾರ್ ತಗೊಳಿ, ಇಲ್ದಿದ್ರೆ ಸುಮ್ನೆ ಫ್ಲೈಟಲ್ಲಿ ಹೋಗ್ಬನ್ನಿ ಅಂತ ಎಲ್ರದ್ದೂ ಒಂದೇ ರಾಗ. ನಮ್ಮ ಭಾವ ಅಂತೂ "ಮೊದ್ಲು ಇಲ್ಲೇ ಇರೋ ಮಂಡಗದ್ದೆ ದಾಟ್ಸು ಮಾರಾಯ, ಆಮೇಲೆ ನೋಡಣ" ಅಂದ್ಬಿಟ್ಟ. 2017ರ ಸೆಪ್ಟೆಂಬರಲ್ಲಿ ಒಬ್ಬನೇ ಹೊರಟೆ, 1991ರ ಮಾಡೆಲ್ಲು, ಅದೇ 1089 ಸಿಸಿ ಇಂಜಿನ್, ಟ್ಯೂರಿನ್ ಮುಟ್ಟೋ ತನಕ ಎಲ್ಲೂ ಟೋ ಮಾಡಿಸ್ಲಿಲ್ಲ. ಆವತ್ತು ಬೇಡ ಅಂದೋರೇ ಈಗ ಹೆಂಗ್ ಮಾಡಿದ್ರಿ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ. ಪಾಯಿಂಟ್ ಗ್ಯಾಪು, ಟ್ಯಾಪೆಟ್ಟು, ಟೈಮಿಂಗು ಅಂತ ಇಂಜಿನ್ ಟ್ಯೂನಿಂಗ್ ಕೆಲಸ ಯಾವ ಮೆಕ್ಯಾನಿಕ್ಕಿಗೂ ಗೊತ್ತಿರೋದೇ, ಅದನ್ನ ಹೇಳ್ತಾ ಕೂರಲ್ಲ.

ನನ್ನ ವಿಧಾನ ಇಷ್ಟೇ: ಗಾಡಿ ಎಲ್ಲೆಲ್ಲಿ ಕೈ ಕೊಡುತ್ತೋ ಅದೆಲ್ಲ ಊರ ಹತ್ರಾನೇ ಕೈ ಕೊಟ್ಟುಬಿಡ್ಲಿ ಅಂತ. ಗೊಬ್ಬರದ ಚೀಲಕ್ಕೆ ಮರಳು ತುಂಬಿ ಸುಮಾರು ಇನ್ನೂರು ಕೆಜಿ ಹಿಂದೆ ಹೇರ್ಕೊಂಡು ಒಂದು ವರ್ಷ ಪೂರ್ತಿ ಸೋಮೇಶ್ವರದಿಂದ ಆಗುಂಬೆ ಹತ್ತೋದು ಇಳಿಯೋದು, ಹೊಸಂಗಡಿಯಿಂದ ಹುಲಿಕಲ್ ಹತ್ತೋದು ಇಳಿಯೋದು, ಮಳೆಗಾಲದಲ್ಲೂ ಬಿಡ್ಲಿಲ್ಲ. ಆಗುಂಬೆಯ 14 ತಿರುವಲ್ಲಿ ಲೋಡ್ ಹಾಕಿ ಫಸ್ಟು ಸೆಕೆಂಡು ಅಂತ ಒದ್ದಾಡಿಸಿದ್ರೆ ಗಾಡಿ ತನ್ನ ರೋಗ ಎಲ್ಲ ತಾನೇ ಹೇಳುತ್ತೆ. ಹೆಡ್ ಗ್ಯಾಸ್ಕೆಟ್ ಎರಡು ಸಲ ಹೋಯ್ತು, ಹಿಂದಿನ ಲೀಫ್ ಸ್ಪ್ರಿಂಗಿನ ಮೇನ್ ಪ್ಲೇಟ್ ಕಟ್ಟಾಯ್ತು, ಇಳಿಜಾರಲ್ಲಿ ನಾಲ್ಕೂ ಬ್ರೇಕ್ ಡ್ರಮ್ ಕಾದು ಪೆಡಲ್ ನೆಲ ಮುಟ್ತು, ಬ್ರೇಕಿನ ವೀಲ್ ಸಿಲಿಂಡರ್ ವಾಷರ್ ಸೋರ್ತು, ಮಳೆಲಿ ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಬೆವರು ಕೂತು ಇಂಜಿನ್ ಮಿಸ್ ಹೊಡೀತು. ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಲಿಂಕೇಜ್ ಬುಷ್ ಎಷ್ಟು ಬೇಗ ತಿಂದು ಹೋಗುತ್ತೆ ಅಂತ ಪದ್ಮಿನಿ ಇಟ್ಕೊಂಡೋರಿಗೆಲ್ಲ ಗೊತ್ತು. ಅದಕ್ಕೆ ಬೇರೆ ಒಂದು ಮೆಟೀರಿಯಲ್ಲಲ್ಲಿ ಬುಷ್ ಕಡೆಸಿ ಹಾಕ್ದೆ, ಇವತ್ತಿಗೂ ಅಲ್ಲಾಡಿಲ್ಲ. ಯಾವ ಮೆಟೀರಿಯಲ್ ಅಂತ ಮಾತ್ರ ಇಲ್ಲಿ ಹೇಳಲ್ಲ, ಅಷ್ಟು ನನ್ನ ಹತ್ರಾನೇ ಇರ್ಲಿ.

ಹಿಂಗೆ ಏನೇನು ಹೋಯ್ತೋ ಅದನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡೆ, ಅದೇ ನನ್ನ ಸ್ಪೇರ್ ಲಿಸ್ಟು. ಕೆಡದೇ ಇದ್ದಿದ್ದನ್ನ ಒಯ್ಯಲೇ ಇಲ್ಲ. ಎಲ್ಲ ಸೇರಿ ಒಂದು ಟ್ರಂಕಿನಷ್ಟು ಸಾಮಾನು, ಇಪ್ಪತ್ತೈದು ಕೆಜಿ ಇರ್ಬೋದು.

ಆದ್ರೆ ಮಲೆನಾಡಲ್ಲಿ ಸಿಗದೇ ಇರೋದು ಬಿಸಿಲು. ಅದಕ್ಕೆ ಮೇ ತಿಂಗಳಲ್ಲಿ ರಾಯಚೂರಿಗೆ ಓಡಿಸ್ದೆ, ಅಲ್ಲಿ ಮಧ್ಯಾಹ್ನ ಸರಿಯಾಗಿ ವೇಪರ್ ಲಾಕ್ ಹಿಡೀತು, ಅಂದ್ರೆ ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿಯಾಗಿ ಇಂಜಿನ್ನಿಗೆ ಹೋಗಲ್ಲ. ಫ್ಯೂಯಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತೋದು ನಮ್ಮಪ್ಪನ ಕಾಲದ ಉಪಾಯ, ಹತ್ತು ಹದಿನೈದು ಕಿಲೋಮೀಟರಿಗೆ ಒಣಗಿ ಮತ್ತೆ ಅದೇ ಕತೆ. ಅಡಿಕೆ ಹಾಳೆ ನೆನೆಸಿ ಪಂಪಿಗೂ ಬ್ಲಾಕಿಗೂ ನಡುವೆ ತಡಿಕೆ ತರ ಕಟ್ಟಿ ನೋಡ್ದೆ. ಬಟ್ಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ತಾಳ್ತು ಅಷ್ಟೇ, ಆಮೇಲೆ ಸುರುಟಿಕೊಂಡು ಫ್ಯಾನಿಗೆ ತಾಗೋಕೆ ಶುರು. ಕೊನೆಗೆ ಡಿಕ್ಕಿಲಿ ಟ್ಯಾಂಕ್ ಪಕ್ಕ ಎಲೆಕ್ಟ್ರಿಕ್ ಪಂಪ್ ಹಾಕಿ ಡ್ಯಾಶ್‌ಬೋರ್ಡಲ್ಲಿ ಸ್ವಿಚ್ ಕೊಟ್ಟೆ, ಪೆಟ್ರೋಲ್ ಪೈಪ್ ಬರೋ ದಾರೀನೂ ಬದಲಾಯಿಸ್ದೆ. ಬಿಸಿ ಇಂಜಿನ್ ಪಕ್ಕ ಕೂತು ಎಳೆಯೋ ಪಂಪಿಗಿಂತ ಹಿಂದಿನಿಂದ ತಳ್ಳೋ ಪಂಪೇ ವೇಪರ್ ಲಾಕಿಗೆ ಮದ್ದು. ಖರ್ಚು ಎರಡೂವರೆ ಸಾವಿರ ಆಗಿರ್ಬೇಕು.

ಈಗ ದುಡ್ಡಿನ ವಿಷಯ. ಪಾಕಿಸ್ತಾನದ ದಾರಿ ನಮಗಿಲ್ಲ. ಚೀನಾ ಮೇಲೆ ಹೋದ್ರೆ ಗೈಡ್ ಕಡ್ಡಾಯ, ಒಬ್ಬನೇ ಹೋದ್ರೆ ಅಷ್ಟೂ ಖರ್ಚು ಒಂದೇ ತಲೆ ಮೇಲೆ. ಹಂಗಾಗಿ ಮುಂಬೈ ನ್ಹಾವಾ ಶೇವಾದಿಂದ ಕಂಟೈನರಲ್ಲಿ ಇರಾನಿನ ಬಂದರ್ ಅಬ್ಬಾಸ್. ಪದ್ಮಿನಿ ನಾಲ್ಕು ಮೀಟರಿಗೂ ಕಮ್ಮಿ, ಇಪ್ಪತ್ತಡಿ ಡಬ್ಬಿಲಿ ಆರಾಮಾಗಿ ಕೂರುತ್ತೆ. ಇರಾನಿಗೆ ಕಾರ್ನೆ ಬೇಕೇ ಬೇಕು, ಗಾಡಿ ಅಲ್ಲಿ ಮಾರದೆ ವಾಪಸ್ ತರ್ತೀನಿ ಅಂತ ಡೆಪಾಸಿಟ್ ಇಟ್ಟು ಮಾಡಿಸೋ ಕಸ್ಟಮ್ಸ್ ಪತ್ರ ಅದು. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ನಲ್ಲಿ ಮಾಡಿಸ್ಕೊಂಡೆ. ಹಳೇ ಗಾಡಿಯ ನಿಜವಾದ ಲಾಭ ಇರೋದು ಇಲ್ಲೇ. ಡೆಪಾಸಿಟ್ ಲೆಕ್ಕ ಹಾಕೋದು ಗಾಡಿ ಬೆಲೆ ಮೇಲೆ, ನನ್ನ ಗಾಡಿ ಬೆಲೆ ಒಂದು ಲಕ್ಷದೊಳಗೆ, ಹಂಗಾಗಿ ಆ ವರ್ಷದ ರಾಶಿ ಅಡಿಕೆ ದುಡ್ಡಲ್ಲೇ ಮುಗೀತು. ಹೊಸ ಥಾರ್ ಆಗಿದ್ರೆ ತೋಟದ ಪತ್ರ ಬ್ಯಾಂಕಲ್ಲಿ ಇಡಬೇಕಿತ್ತು. ಐಡಿಪಿ, ಅಂದ್ರೆ ಬೇರೆ ದೇಶದಲ್ಲಿ ಓಡ್ಸೋಕೆ ಬೇಕಾದ ಪರ್ಮಿಟ್ಟು, ಆರ್‌ಟಿಓದಲ್ಲಿ ಆಗ ಸಾವಿರ ರೂಪಾಯಿ. ಯುರೋಪಿನ ಹಲವು ದೇಶಕ್ಕೆ ಒಂದೇ ಆಗಿರೋ ಷೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿನೇ ತಗೋಬೇಕು, ಅದೊಂದಿದ್ರೆ ಟರ್ಕಿ ಇ-ವೀಸಾ ಸಿಕ್ತಿತ್ತು, ಬಲ್ಗೇರಿಯಾ ಕ್ರೊಯೇಷಿಯಾದೋರೂ ಅದರ ಮೇಲೇ ಬಿಟ್ರು.

ಹೊಟ್ಟೆ ಉರಿಸಿದ್ದು ಬಂದರು. ಏಜೆಂಟ್ ಒಂದು ಪೇಪರ್ ತಪ್ಪಾಗಿ ಟೈಪ್ ಮಾಡಿದ್ದ, ಇಂಜಿನ್ ನಂಬರಲ್ಲಿ ಒಂದಂಕೆ ಹೆಚ್ಚುಕಮ್ಮಿ, ಅದು ಸರಿಯಾಗೋ ತನಕ ಬಂದರ್ ಅಬ್ಬಾಸಲ್ಲಿ ವಾರದ ಮೇಲೆ ಬೆವರು ಸುರಿಸ್ತಾ ಕೂತಿದ್ದೆ. ಡಬ್ಬಿ ಬಾಡಿಗೆ, ಯಾರ್ಡ್ ಬಾಡಿಗೆ ಅಂತ ಇಪ್ಪತ್ತೈದು ಸಾವಿರದ ಹತ್ರ ಕಿತ್ಕೊಂಡ್ರು. ನಮ್ಮ ಕಾರ್ಡು ಇರಾನಲ್ಲಿ ನಡೆಯಲ್ಲ, ಎಲ್ಲ ಕ್ಯಾಶಲ್ಲೇ, ಡಾಲರ್ ಜಾಸ್ತಿನೇ ಇಟ್ಕೊಳಿ.

ಬಂದರ್ ಅಬ್ಬಾಸ್ ಅಂದ್ರೆ ಸಮುದ್ರಮಟ್ಟ, ದಾರಿಲಿ ಸಿಗೋ ಸಿರ್ಜಾನ್ ಊರು ಸಾವಿರದ ಏಳ್ನೂರು ಮೀಟರಿಗೂ ಮೇಲೆ. ಬೆಳಗಿನ ಜಾವ ಮೂರು ಗಂಟೆಗೇ ಹೊರಟು ಬಿಸಿಲೇರೋದ್ರೊಳಗೆ ಅರ್ಧ ಏರು ಮುಗಿಸ್ದೆ, ಎಲೆಕ್ಟ್ರಿಕ್ ಪಂಪ್ ಸ್ವಿಚ್ ಆವತ್ತು ಪೂರ್ತಿ ಆನ್. ಗಾಡಿ ಒಂದ್ಸಲವೂ ಕೆಮ್ಮಲಿಲ್ಲ. ಪೆಟ್ರೋಲ್ ಆಗ ಲೀಟರಿಗೆ ಸಾವಿರ ತೋಮಾನ್ ಇತ್ತು, ಆಗಿನ ನಮ್ಮ ಹದಿನೇಳು ಹದಿನೆಂಟು ರೂಪಾಯಿ. ಯಜ್ದ್ ಹತ್ರ ಕಂಡೆನ್ಸರ್ ಸತ್ತಿತು, ಡಿಸ್ಟ್ರಿಬ್ಯೂಟರ್ ಪಾಯಿಂಟ್ ಸುಡದಂಗೆ ಕಾಯೋ ಸಣ್ಣ ಭಾಗ ಅದು, ನನ್ನ ಹತ್ರ ಇದ್ದ ಸ್ಪೇರೂ ಡೂಪ್ಲಿಕೇಟ್ ಮಾಲು, ಅರ್ಧ ಗಂಟೆಗೆ ಅದೂ ಢಮಾರ್. ಇರಾನಲ್ಲಿ ಪೇಕಾನ್ ಅಂತ ಒಂದು ಗಾಡಿ, ಹಿಲ್‌ಮನ್ ಹಂಟರ್ ವಂಶದ್ದು, 1967ರಿಂದ 2005ರ ತನಕ ಮಾಡಿದಾರೆ, ಪಾಯಿಂಟು ಕಾರ್ಬ್ಯುರೇಟರ್ ಗೊತ್ತಿರೋ ಮೆಕ್ಯಾನಿಕ್ಕು ಪ್ರತಿ ಊರಲ್ಲೂ ಇದಾರೆ. ಒಬ್ಬ ಮುದುಕ ಪೇಕಾನ್ ಕಂಡೆನ್ಸರನ್ನ ಡಿಸ್ಟ್ರಿಬ್ಯೂಟರ್ ಹೊರಗಡೆ ಕ್ಲಿಪ್ ಮಾಡಿ ವೈರ್ ಒಳಗೆ ಎಳೆದ, ಚಹಾ ಕುಡಿಸಿ ಕಳಿಸ್ದ, ದುಡ್ಡು ಮುಟ್ಟಲೇ ಇಲ್ಲ. ಇವತ್ತಿಗೂ ಅದೇ ಕಂಡೆನ್ಸರ್ ಓಡ್ತಿದೆ. ಕಂಪ್ಯೂಟರ್ ಇರೋ ಗಾಡಿಗೆ ಈ ಭಾಗ್ಯ ಎಲ್ಲಿಂದ ಬರಬೇಕು?

ಬಜಾರ್ಗಾನ್ ಗಡಿ ದಾಟಿ ಟರ್ಕಿಗೆ ಬಂದ್ರೆ ಅಕ್ಟೋಬರ್ ಚಳಿ. ಎರ್ಜುರುಮ್ ಸಾವಿರದ ಒಂಬೈನೂರು ಮೀಟರ್ ಎತ್ತರದಲ್ಲಿದೆ, ರಾತ್ರಿ ನೀರು ಗಡ್ಡೆ ಕಟ್ಟುತ್ತೆ. ನಮ್ಮ ಕಡೆ ರೇಡಿಯೇಟರಿಗೆ ಬಾವಿ ನೀರು ಹಾಕಿ ಓಡಿಸ್ತೀವಲ್ಲ, ಅದು ಅಲ್ಲಿ ನಡೆಯಲ್ಲ, ಇರಾನಿನ ತಬ್ರಿಜಲ್ಲೇ ಪೂರ್ತಿ ಖಾಲಿ ಮಾಡಿ ಕೂಲೆಂಟ್ ತುಂಬಿಸಿದ್ದೆ. ಎತ್ತರಕ್ಕೆ ಗಾಳಿ ತೆಳು, ಮಿಕ್ಸ್ಚರ್ ರಿಚ್ ಆಗಿ, ಅಂದ್ರೆ ಗಾಳಿಗಿಂತ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಕಪ್ಪಾಗೋಕೆ ಶುರುವಾಯ್ತು, ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ಮೇನ್ ಜೆಟ್ ಸಣ್ಣದು ಹಾಕ್ದೆ, ಸರಿ ಹೋಯ್ತು. ಜೆಟ್ ನಂಬರ್ ಕೇಳ್ಬೇಡಿ, ನಿಮ್ಮ ಇಂಜಿನ್ನಿಗೆ ನೀವೇ ಪ್ಲಗ್ ನೋಡಿ ಹಾಕ್ಕೊಳಿ. ಇಂಜಿನ್ ಕಾಯ್ತಾನೇ ಇರ್ಲಿಲ್ಲ ಅಂತ ರಾಯಚೂರಲ್ಲಿ ಕೈಕೊಟ್ಟ ಅಡಿಕೆ ಹಾಳೆಯ ಉಳಿದ ತುಂಡನ್ನ ರೇಡಿಯೇಟರ್ ಮುಂದೆ ಅರ್ಧಕ್ಕೆ ಕಟ್ದೆ, ಟೆಂಪರೇಚರ್ ಮುಳ್ಳು ಸರಿಯಾದ ಜಾಗಕ್ಕೆ ಬಂದು ನಿಂತಿತು! ಅಂಕಾರಾ ತನಕ ಹಂಗೇ ಓಡಿಸ್ದೆ. ಟರ್ಕಿಲಿ ಇನ್ನೊಂದು ಅನುಕೂಲ, 1971ರಿಂದ ಅಲ್ಲಿ ಫಿಯಟ್ 124 ಅನ್ನೇ ಮುರಾತ್ ಅಂತ ಮಾಡ್ತಿದ್ರು, ಹಳೇ ಮೇಸ್ತ್ರಿಗಳು ಬಾನೆಟ್ ಎತ್ತಿದ ಕೂಡ್ಲೇ ನೆಂಟರ ಮನೆಗೆ ಬಂದಂಗೆ ಕೈ ಹಾಕ್ತಾರೆ.

ಒಬ್ಬನೇ ಹೋಗೋರಿಗೆ ದೊಡ್ಡ ಕಷ್ಟ ಓವರ್‌ಟೇಕು. ನಮ್ಮದು ಬಲಗಡೆ ಸ್ಟೀರಿಂಗ್, ಅಲ್ಲೆಲ್ಲ ರಸ್ತೆ ಬಲಗಡೆ ಓಡ್ಸೋದು, ಲಾರಿ ಹಿಂದೆ ಇದ್ರೆ ಎದುರಿಂದ ಬರೋದು ಏನೂ ಕಾಣಲ್ಲ, ಪಕ್ಕದಲ್ಲಿ ಕೂತು ನೋಡಿ ಹೇಳೋರೂ ಇಲ್ಲ. ನಾನು ಲಾರಿಗಿಂತ ತುಂಬ ಹಿಂದೆ ಉಳ್ಕೊಂಡು, ಎಡಕ್ಕೆ ತಿರುವು ಬಂದಾಗ ಮುಂದಿನ ರಸ್ತೆ ನೋಡ್ಕೊಂಡು, ಡಬಲ್ ರೋಡ್ ಸಿಕ್ಕಾಗ್ಲೇ ದಾಟ್ತಿದ್ದೆ. ಎಪ್ಪತ್ತರ ಮೇಲೆ ಹೋಗಲ್ಲ ಅಂತ ಮೊದಲೇ ನಿರ್ಧಾರ ಮಾಡಿದ್ರೆ ಓವರ್‌ಟೇಕ್ ಮಾಡೋ ಪ್ರಸಂಗವೇ ಅರ್ಧ ಕಮ್ಮಿ.

ಬಲ್ಗೇರಿಯಾ ಗಡಿಲಿ ಮನೆಯಿಂದ ಒಯ್ದಿದ್ದ ತುಪ್ಪದ ಡಬ್ಬ ತೆಗೆದಿಟ್ಕೊಂಡ್ರು, ಹೊರಗಿನಿಂದ ಹಾಲಿನ ಪದಾರ್ಥ ಒಳಗೆ ಬಿಡಲ್ಲ ಅಂತ ಅಲ್ಲಿ ಕಾನೂನು. ಅಪ್ಪೆಮಿಡಿ, ಅವಲಕ್ಕಿ ಬಿಟ್ರು. ಸೋಫಿಯಾ, ಬೆಲ್‌ಗ್ರೇಡ್, ಜಾಗ್ರೆಬ್ ಎಲ್ಲ ಒಳ್ಳೇ ರಸ್ತೆ, ಬರೆಯೋಕೆ ಏನೂ ಇಲ್ಲ, ಟೋಲ್ ಕೊಡೋದು ಅಷ್ಟೇ. ಸ್ಲೊವೇನಿಯಾ ಒಂದೇ ದಿನಕ್ಕೆ ದಾಟಿದ್ರೂ ವಾರದ ಟೋಲ್ ಸ್ಟಿಕ್ಕರ್ ತಗೋಬೇಕಿತ್ತು, ಆಗ 15 ಯೂರೋ.

ಟ್ಯೂರಿನ್ನಲ್ಲಿ ಸೀದಾ ಲಿಂಗೊಟ್ಟೊಗೆ ಹೋಗಿ ನಿಲ್ಲಿಸ್ದೆ, ಮಾಳಿಗೆ ಮೇಲೆ ಟೆಸ್ಟ್ ಟ್ರ್ಯಾಕ್ ಇರೋ ಹಳೇ ಫಿಯಟ್ ಕಾರ್ಖಾನೆ. ವಯಸ್ಸಾದೋರೊಬ್ರು "ಮಿಲ್ಲೆಚೆಂತೊ" (ಇಟಾಲಿಯನ್ನಲ್ಲಿ 1100) ಅಂತ ಕೂಗ್ತಾ ಬಂದು ಸ್ಟೀರಿಂಗ್ ಗೇರ್ ಹಿಡಿದು ಒಂದು ಎರಡು ಮೂರು ನಾಲ್ಕು ಹಾಕಿ ನೋಡಿದ್ರು. 1953ರಲ್ಲಿ ಫಿಯಟ್‌ನೋರು ಹೊಸ 1100 ಬಿಟ್ಟಿದ್ದು, ಅದರ ಮರಿಮಗಳು ಆಗುಂಬೆ ಮಳೆ ತಿಂದು ಅವರ ಬಾಗಿಲಿಗೆ ಬಂದು ನಿಂತಿತ್ತು, ಭಾವನಿಗೆ ಅಲ್ಲಿಂದಲೇ ವೀಡಿಯೋ ಕಾಲ್ ಮಾಡ್ದೆ.

ಒಟ್ಟು ಏಳು ಸಾವಿರ ಕಿಲೋಮೀಟರ್ ಆಸುಪಾಸು, ಪೆಟ್ರೋಲ್ ಬರೀ ಮೂವತ್ತೈದು ನಲವತ್ತು ಸಾವಿರ. ಹಡಗಿಗೇ ಜಾಸ್ತಿ, ಹೋಗೋಕೆ ಎಪ್ಪತ್ತು ಸಾವಿರ, ಇಟಲಿಯ ಜಿನೋವಾ ಬಂದರಿನಿಂದ ವಾಪಸ್ಸಿಗೆ ಒಂದೂಕಾಲು ಲಕ್ಷದ ಹತ್ರ. ಊಟ, ರೂಮು, ವೀಸಾ, ಗಡಿಗಡಿಗೆ ಇನ್ಶೂರೆನ್ಸು ಎಲ್ಲ ಸೇರಿ ಐದು ಲಕ್ಷ ದಾಟಲಿಲ್ಲ, ಡೆಪಾಸಿಟ್ ಬಿಟ್ಟು. ಡೆಪಾಸಿಟ್ ವಾಪಸ್ ಬೇಕಾದ್ರೆ ಇರಾನ್ ಬಿಡುವಾಗ ಕಾರ್ನೆಲಿ ಎಕ್ಸಿಟ್ ಸೀಲ್ ಬಿದ್ದಿದೆಯಾ ಅಂತ ಕಣ್ಣಾರೆ ನೋಡ್ಕೊಂಡೇ ಗೇಟ್ ದಾಟಿ, ಮುಂಬೈಗೆ ಗಾಡಿ ಬಂದ ಮೇಲೆ ಕಸ್ಟಮ್ಸಲ್ಲೂ ಹಾಕಿಸ್ಕೊಳಿ. ನನಗೆ ಬರೋಕೆ ನಾಲ್ಕೈದು ತಿಂಗಳು ಹಿಡೀತು, ಆದ್ರೆ ಪೂರ್ತಿ ಬಂತು.